ಲಾಭ, ಎರಡು, ಮೂರು

ಆವನಿ ಪಕ್ಕದ ಹಳ್ಳಿಯ ಚಿಕ್ಕಗಂಗಮ್ಮನ ಬಾಯಲ್ಲಿ ಕಡಿಮೆಯಾಯಿತು ಅನ್ನುವ ಮಾತೇ ಇರಲಿಲ್ಲ. ರಾಗಿ ಅಳೆಯುವಾಗ ಮೊದಲ ಸೇರನ್ನು ಒಂದು ಅನ್ನುವಂತಿಲ್ಲ, 'ಲಾಭ' ಅನ್ನಬೇಕು. ಆಮೇಲೆ ಎರಡು, ಮೂರು. ರಾಶಿ ಏರಿತು, ಕೂಡಿತು, ಹುಲುಸಾಯಿತು, ಹೀಗೇ ಆಡಬೇಕು. ಕಾಳು ತುಂಬಿಡುವ ಗುಡಾಣದ ತಳ ಕಂಡರೂ 'ಇಲ್ಲ' ಅನ್ನಬಾರದು, 'ತುಂಬಬೇಕು' ಅನ್ನಬೇಕು. ಹಿಡಿ ಹಿಡಿಯಾಗಿ ಕೂಡಿದ್ದು ಒಂದು ಕೆಟ್ಟ ಮಾತಿಗೆ ಹೊರಟುಹೋಗುತ್ತದಂತೆ! ಗಂಡ ಸತ್ತ ಮೇಲೆ ಹೊಲ, ಮನೆ ಎರಡನ್ನೂ ಉಳಿಸಿದ್ದು ಈ ನಾಲಿಗೆಯೇ ಎಂದು ಅವಳು ನಂಬಿದ್ದಳು. ಅಲ್ಲ ಅನ್ನಲು ನಾವು ಯಾರು?

ಶ್ರೀನಿವಾಸಪುರದ ಕಡೆಯಿಂದ ಬಂದ ಸೊಸೆ ಅನಸೂಯಮ್ಮನಿಗೆ ಇದು ಒಗ್ಗಲಿಲ್ಲ.

"ಅತ್ತೆ, ರಾಗಿ ಖಾಲಿ!" ಎಂದು ಒಳಗಿಂದಲೇ ಕೂಗುತ್ತಿದ್ದಳು.

"ನಿನ್ ಬಾಯಿಗ್ ಮಣ್ ಹಾಕ! ತುಂಬಬೇಕು ಅನ್ನೇ" ಎಂದು ಅತ್ತೆ ಗದರುತ್ತಿದ್ದಳು.

ಸೊಸೆ ಹಟಕ್ಕೆ ಬಿದ್ದು ಅಳೆಯುವಾಗಲೂ "ಒಂದು" ಎಂದೇ ಶುರು ಮಾಡುವಳು. ವರ್ಷಗಟ್ಟಲೆ ಇದೇ ರಂಪ.

ಯುದ್ಧದ ಕಾಲದಲ್ಲಿ ಸರ್ಕಾರ ಲೆವಿ ಎಂದು ಕಡ್ಡಾಯವಾಗಿ ಮನೆಮನೆಯ ರಾಗಿ ಎತ್ತಿತು. ಉಳಿದದ್ದು ಬೇಸಿಗೆಗೆ ಮುಂಚೆಯೇ ತೀರಿತು. ಮೊಮ್ಮಗಳು ಬರೀ ಸೊಪ್ಪಿನ ಸಾರು ಕುಡಿದು ಮಲಗತೊಡಗಿದಳು. ಮುಳಬಾಗಿಲಿನಲ್ಲಿ ರೇಷನ್ ರಾಗಿ ಕೊಡುತ್ತಾರೆಂದು ಮೂವರೂ ಹೋಗಿ ಸಾಲಿನಲ್ಲಿ ನಿಂತರು.

"ಮನೇಲಿ ರಾಗಿ ಇದೆಯೇನಮ್ಮಾ?" ಗುಮಾಸ್ತ ಕೇಳಿದ.

"ತುಂಬಬೇಕು ಸ್ವಾಮಿ" ಎಂದಳು ಚಿಕ್ಕಗಂಗಮ್ಮ.

"ಅದು ಗೊತ್ತಮ್ಮ. ಇದೆಯೋ ಇಲ್ವೋ, ಅಷ್ಟು ಹೇಳು. ಹಿಂದೆ ಜನ ನಿಂತವ್ರೆ."

"ಇಲ್ಲ ಸ್ವಾಮಿ, ನಾನು ಹೇಳ್ತೀನಿ" ಎಂದು ಅನಸೂಯಮ್ಮ ಮುಂದೆ ಬಂದಳು.

"ನೀನಲ್ಲ. ಮನೆ ಯಜಮಾನಿ ಹೇಳ್ಬೇಕು."

ಚಿಕ್ಕಗಂಗಮ್ಮ ಮೊಮ್ಮಗಳ ಬಾಡಿದ ಮುಖ ನೋಡಿದಳು. "ಇಲ್ಲ" ಎಂದಳು. ಯಾರೂ ಕೇಳದಿದ್ದರೂ ಮತ್ತೆ, "ಒಂದು ಕಾಳೂ ಇಲ್ಲ" ಎಂದಳು. ಗುಮಾಸ್ತ ಚೀಟಿ ಹರಿದುಕೊಟ್ಟ, ಚೀಲಕ್ಕೆ ರಾಗಿ ಬಿತ್ತು.

ಊರು ತಲುಪುವವರೆಗೂ ಅವಳಿಗೆ ತನ್ನ ಬಾಯಾರೆ ಮನೆ ಬರಿದು ಮಾಡಿದೆನೆಂಬ ಸಂಕಟ. ಮನೆಯ ಜಗಲಿಯ ಮೇಲೆ ಕುಸಿದು ಕೂತು, "ನೀನೇ ತುಂಬು ಕಣೇ, ನನ್ ಬಾಯಿ ಕೆಟ್ಟೋಯ್ತು" ಎಂದಳು.

ಅನಸೂಯಮ್ಮ ಚೀಲ ಹೊತ್ತು ಒಳಗೆ ಹೋದಳು. ಆಮೇಲೆ ಗುಡಾಣಕ್ಕೆ ಮೊದಲ ಸೇರು ರಾಗಿ ಸುರಿದ ಸದ್ದು, ಅದರ ಹಿಂದೆಯೇ ಬೀದಿಗೆಲ್ಲ ಕೇಳುವಂತೆ ಸೊಸೆಯ ದನಿ:

"ಲಾಭ!"

ಚಿಕ್ಕಗಂಗಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಎರಡು" ಎಂದಿತು ಒಳಗಿನ ದನಿ.

"ಮೂರು" ಎಂದಳು ಅತ್ತೆ ಜಗಲಿಯಿಂದಲೇ.