ಅಕ್ಕನ ಕಿವಿಯ ಹಿಂದಿನ ಕಾಳುಗಳು

ಬಿಸಿ ಕೊಬ್ಬರಿ ಎಣ್ಣೆಯ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ಕಾಣೆ. ಇಂದು ಬೆಳಿಗ್ಗೆ ಬಟ್ಟಲು ಹಿಡಿದು ಅಕ್ಕನ ಬೆನ್ನ ಹಿಂದೆ ಕುಳಿತಾಗ ನನಗೆ ಅವಳ ಬಲಗಿವಿಯ ಹಿಂದಿನ ಮೂರು ಗಂಟುಗಳು ನೆನಪಾದವು.

ನಾನು ಲಂಗ ತೊಡುವ ಕಾಲದಿಂದಲೂ ಅವು ಇದ್ದವು. ನೋವಿಲ್ಲ, ನಂಜಿಲ್ಲ. ಕಡಲಿ, ತೊಗರಿ, ಶೇಂಗಾ ಎಂದು ನಾವೇ ಹೆಸರಿಟ್ಟಿದ್ದೆವು. ಶುಕ್ರವಾರ ತಲೆಗೆ ಎಣ್ಣೆ ಹಚ್ಚುವಾಗ ಅಕ್ಕ ಕೇಳುವಳು, "ಬೆಳಿ ಹ್ಯಾಂಗದ ಬೇ?"

"ಮಳಿ ಇಲ್ಲಕ್ಕ, ಇದ್ದಷ್ಟೇ ಅದ."

ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಆದರೆ ಬೆರಳಿನ ಮಟ್ಟಿಗೆ ಪಂಡಿತೆ ಎಂಬ ಸೊಕ್ಕು. ಜೋಳದ ಹಿಟ್ಟು ಮುಟ್ಟಿದರೆ ಸಾಕು, ರೊಟ್ಟಿ ಅಂಚಿನಲ್ಲಿ ಸೀಳುತ್ತದೋ ಇಲ್ಲವೋ ಹೇಳುತ್ತಿದ್ದೆ. ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಬಂತೆಂದರೆ ಒಂದು ಖಾನಾವಳಿಗೆ ನಾವಿಬ್ಬರೇ ರೊಟ್ಟಿ ಕೊಡುತ್ತಿದ್ದೆವು. ನಾನು ನಾದುವೆ, ಅಕ್ಕ ಬಡಿಯುವಳು.

ಅಂಥದೊಂದು ಹಂಗಾಮಿನ ಮೊದಲ ವಾರ ಎಣ್ಣೆ ಹಚ್ಚುತ್ತಿದ್ದ ಬೆರಳು ನಿಂತಿತು. ತೊಗರಿ ಜಾಗ ಬಿಟ್ಟು ಸರಿದಿತ್ತು. ಶೇಂಗಾ ಬಿಗಿದು ಕೂತಿತ್ತು, ಒತ್ತಿದರೆ ಮೊದಲಿನಂತೆ ಜಾರಲಿಲ್ಲ.

"ಯಾಕ ನಿಂತಿ? ಏನರ ಬದಲಾಗ್ಯಾದೇನು?"

"ಏನಿಲ್ಲಕ್ಕ. ಒಲಿ ಸೆಕಿಗೆ ಒಂದೀಟು ಊದ್ಯಾವ."

ಅಕ್ಕ ಕಲಬುರಗಿಯ ದವಾಖಾನೆ ಹಿಡಿದರೆ ಖಾನಾವಳಿಯವರು ಬೇರೆ ಕೈ ಹುಡುಕುತ್ತಾರೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಹಂಗಾಮು ಮುಗಿಯುವ ತನಕ ಸುಣ್ಣ-ಬೆಲ್ಲ ಕಲಸಿ ಹಚ್ಚಿದೆ.

ಆಮೇಲೆ ಡಾಕ್ಟರು ಹೇಳಿದರು: "ಹಳೇ ಗಂಟು ಕೆಟ್ಟವಲ್ಲರಿ. ಅವುಗಳ ಬಾಜೂಕೇ ಕ್ಯಾನ್ಸರ್ ಬೆಳದದ. ಅದು ಒತ್ತಿದ್ದಕ್ಕ ಇವು ಬದಲಾಗ್ಯಾವ. ಆವಾಗೇ ಬಂದಿದ್ರ ಮುಖದ ನರ ಉಳೀತಿತ್ತು."

ಕ್ಯಾನ್ಸರಿನ ಜೊತೆ ತೊಗರಿ, ಶೇಂಗಾ ಹೋದವು. ಮೇಲಿದ್ದ ಕಡಲಿಯೊಂದು ಉಳಿಯಿತು. ಅಕ್ಕನ ಬಾಯಿ ಎಡಕ್ಕೆ ಎಳೆದುಕೊಂಡಿತು. "ಅರ್ಧ ಬಾಯಿಲೆ ನಕ್ರೂ ನಿನಕಿಂತ ಚಂದ ಕಾಣ್ತೇನಿ," ಎನ್ನುತ್ತಾಳೆ. ನಾನೂ ನಗುತ್ತೇನೆ. ಇಷ್ಟು ದಿನ ಬರಿ ನಕ್ಕೆ.

ಈಗ ಮತ್ತೆ ಹಂಗಾಮು. ಇಂದು ಬೋಗುಣಿ ತುಂಬ ಹಿಟ್ಟು ನಾದಿಟ್ಟೇ ಎಣ್ಣೆಗೆ ಕುಳಿತಿದ್ದೆ. ಬೆರಳು ಕಡಲಿಯ ಮೇಲೆ ಹೋಯಿತು. ಅದು ಜಾರಲಿಲ್ಲ.

"ಬೆಳಿ ಹ್ಯಾಂಗದ ಬೇ?"

"ಕಡಲಿ ಬಿಗದಾದಕ್ಕ," ಎಂದೆ. ಬಾಯಿ ಅಲ್ಲಿಗೇ ನಿಲ್ಲಲಿಲ್ಲ. "ಅವತ್ತೂ ನನಗ ಗೊತ್ತಾಗಿತ್ತು. ರೊಟ್ಟಿ ನಿಲ್ತಾವಂತ ಸುಳ್ಳು ಹೇಳಿದೆ."

ಅಕ್ಕ ತಿರುಗಲಿಲ್ಲ. ಕುತ್ತಿಗೆಗೆ ಇಳಿದ ಎಣ್ಣೆಯನ್ನು ಸೆರಗಿನಿಂದ ನಿಧಾನವಾಗಿ ಒರೆಸಿಕೊಂಡಳು.

"ಹಿಟ್ಟು ಎಮ್ಮಿಗೆ ಹಾಕು," ಎಂದಳು. "ಸೀರಿ ಬದಲಿಸು. ಕಲಬುರಗಿ ಬಸ್ ತಪ್ಪತದ."