ಸೊಟ್ಟ ಕೋಣೆಯ ನಕ್ಷೆ

ಲಾಕ್‌ಡೌನ್ ಸಮಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಹುಡುಗಿಯೊಬ್ಬಳು ಜಯನಗರದ ನನ್ನ ನಕ್ಷೆ ಆಫೀಸಿಗೆ ಇಂಟರ್ನ್ ಆಗಿ ಸೇರಿದಳು, ಮನೆಯಿಂದಲೇ. ಕಟ್ಟಡ ಮುಟ್ಟದೆ ಕಲಿತವರ ಇಂಟರ್ನ್‌ಶಿಪ್ ಪತ್ರಕ್ಕೆ ನಾನು ಸಹಿ ಹಾಕುವವನಲ್ಲ. ನನ್ನ ಸಹಿ ಇಲ್ಲದೆ ಅವಳು ಆ ಸೆಮಿಸ್ಟರ್ ಪಾಸಾಗುವಂತಿರಲಿಲ್ಲ.

"ನೀನಿರೋ ಮನೆನೇ ಅಳೆದು ನಕ್ಷೆ ಕಳಿಸು" ಎಂದೆ.

ಅದು ಚಿಕ್ಕಲಸಂದ್ರದ ಬಾಡಿಗೆ ಮನೆ. ಬಂದ ನಕ್ಷೆಯಲ್ಲಿ ಮಲಗುವ ಕೋಣೆ ಸೊಟ್ಟಗಿತ್ತು. ವಿಡಿಯೋ ಕಾಲ್ ಮಾಡಿ ಗದರಿದೆ. "ನೆಟ್ಟಗೆ ಒಂದು ಗೆರೆ ಎಳೆಯೋಕೂ ಬರಲ್ವಾ?"

"ಗೆರೆ ಸರಿಯಾಗಿದೆ ಸಾರ್. ಕೋಣೆನೇ ಸೊಟ್ಟ. ತೋರಿಸ್ತೀನಿ ಇರಿ."

ಫೋನನ್ನು ಬೀರುವಿನ ಮೇಲಿಟ್ಟಳು. ತಾಯಿಯ ಕೈಗೆ ದಾರದ ತುದಿ ಕೊಟ್ಟು, ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದು ಕತ್ತರಿಸಿದಳು. ಅದೇ ದಾರವನ್ನು ಉಳಿದೆರಡು ಮೂಲೆಗಳ ನಡುವೆ ಹಿಡಿದಳು. ಕೋಣೆ ನೆಟ್ಟಗಿದ್ದರೆ ದಾರ ಅಲ್ಲೂ ಸರಿಹೊಂದಬೇಕಿತ್ತು; ನಾಲ್ಕು ಬೆರಳು ಸಾಲಲಿಲ್ಲ.

"ಅದಕ್ಕೇ ಮಂಚ ಗೋಡೆಗೆ ಒರಗಿ ಕೂರ್ತಿಲ್ಲ ನೋಡು" ಎಂದರು ತಾಯಿ.

ಎದುರಿಗೇ ಕೂತು ಕಲಿತವರಲ್ಲಿ ಯಾರೂ ನನ್ನ ತಪ್ಪನ್ನು ಇಷ್ಟು ಚೆನ್ನಾಗಿ ತೋರಿಸಿರಲಿಲ್ಲ. ಅಂದೇ ಸಹಿ ಹಾಕಿದೆ.

ನಾನು ಬರೆದ ನಕ್ಷೆಗಳಲ್ಲಿ ಇಂದಿಗೂ ಒಂದು ಕೋಣೆಯೂ ಸೊಟ್ಟಗಿಲ್ಲ. ಅವನ್ನು ನೋಡಿ ಕಟ್ಟಿದ ಮನೆಗಳಿಗೆ ಮಾತ್ರ ನಾನು ದಾರ ಹಿಡಿಯಲು ಹೋಗಿಲ್ಲ.