ಪೂರ್ವಕ್ಕೆ ಬಾಗಿಲಿದ್ದ ಟ್ರೈಲರ್

ಎಂಬತ್ತರ ದಶಕದಲ್ಲಿ ನಮ್ಮ ಯಜಮಾನರಿಗೆ ಟ್ರ್ಯಾಕ್ಟರ್ ಹಿಂದೆ ಮನೆ ಕಟ್ಟಿಕೊಂಡು ಊರೂರು ಸುತ್ತುವ ಹುಚ್ಚು ಹಿಡಿಯಿತು. ಬೀರೂರಿನಲ್ಲಿ ಹಳೇ ಟ್ರೈಲರುಗಳನ್ನೆಲ್ಲ ಒದ್ದು ನೋಡಿ, ತಳ ತುಕ್ಕು ಹಿಡಿಯದ ಒಂದನ್ನು ತಂದರು. ಹಲಗೆಯ ಗೋಡೆ, ತಗಡಿನ ಸೂರು, ಹಿಂದೊಂದು ಬಾಗಿಲು ಆಯಿತು. ನಾನು ಮೂಲೆಯಲ್ಲಿ ಸೀಮೆಎಣ್ಣೆ ಸ್ಟೌ ಇಟ್ಟೆ.

"ಒಲೆ ಇಟ್ಮೇಲೆ ಅದು ಮನೆ ಕಣೋ. ಬಾಗ್ಲು ಪೂರ್ವಕ್ಕೇ ಇರ್ಬೇಕು," ಎಂದರು ಅತ್ತೆ. ಯಜಮಾನರು ಅಂಗಳದಲ್ಲೇ ಟ್ರೈಲರನ್ನು ಪೂರ್ವಕ್ಕೆ ತಿರುಗಿಸಿ ಹಾಲು ಉಕ್ಕಿಸಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡರು, ಪಾಪ.

ಮೊದಲ ಪ್ರಯಾಣಕ್ಕೆ ಅತ್ತೆಯೂ ಹತ್ತಿದರು. ಅಜ್ಜಂಪುರದಲ್ಲಿ ಊಟಕ್ಕೆ ನಿಂತಾಗ ಬಾಗಿಲು ದಕ್ಷಿಣಕ್ಕಿದೆಯೆಂದು ತಟ್ಟೆ ಮುಟ್ಟಲಿಲ್ಲ. ಯಜಮಾನರು ಹಲ್ಲು ಕಚ್ಚಿಕೊಂಡು ಟ್ರೈಲರನ್ನು ರಸ್ತೆಗೆ ಅಡ್ಡಲಾಗಿ ನಿಲ್ಲಿಸಿದರು. ಹಿಂದೆ ಬಂದ ಬಸ್ಸಿನ ಡ್ರೈವರ್ ಬಿಡದೆ ಹಾರ್ನ್ ಹೊಡೆದ.

ಅತ್ತೆ ಬಾಗಿಲಿಗೆ ಬಂದು ಕೇಳಿದರು: "ಏನಪ್ಪಾ, ಉಣ್ಣೋ ಹೊತ್ನಲ್ಲಿ ಕಂಡೋರ ಮನೆ ಮುಂದೆ ಬಂದು ಗಲಾಟೆ ಮಾಡ್ತೀಯಲ್ಲ?"